ಮಹಾಲಿಂಗನ ಬೆವರುಕಡ್ಡಿ

ಬೆವರು ಯಾರಿಗೆ ಬರೋದಿಲ್ಲ ಹೇಳಿ? ಗೇಯುವವನಿಗೂ ಬರ್ತದೆ, ಗೇಯುವವನನ್ನು ನೋಡ್ತಾ ಕೂತವನಿಗೂ ಬರ್ತದೆ. ಆದರೆ ಅರಸನಹುಂಡಿಯ ಮಹಾಲಿಂಗನಿಗೆ ಬರುತ್ತಿದ್ದದ್ದು ಬೆವರಲ್ಲ, ಕರ್ಮ. ಪುಷ್ಯಮಾಸದ ಚಳಿಯಲ್ಲಿ ಊರೆಲ್ಲ ಕಂಬಳಿ ಹೊದ್ದು ಗಡಗಡ ನಡುಗುವಾಗ ಇವನೊಬ್ಬ ಅಂಗಿಯ ಬೆನ್ನು ತೋಯಿಸಿಕೊಂಡು ನಿಂತಿರುತ್ತಿದ್ದ. ಇಸ್ಕೂಲಿನಲ್ಲಿ ಬೇರೆ ಹುಡುಗರು ಸ್ಲೇಟು ಒರೆಸಲು ಎಂಜಲು ಹಚ್ಚಿದರೆ ಇವನಿಗೆ ಅಂಗೈ ಸಾಕಾಗುತ್ತಿತ್ತು. ಅಳಿಸುವುದು ಸಲೀಸು, ಬರೆದದ್ದು ಮಾತ್ರ ಒಂದಕ್ಷರವೂ ನಿಲ್ಲುತ್ತಿರಲಿಲ್ಲ.

ಇಂಥವನು ದೊಡ್ಡವನಾಗಿ ಯಾವ ಕಸುಬು ಹಿಡಿಯಬೇಕು? ಮೀನು ಸಾಕಬಹುದಿತ್ತು, ತೋಟಕ್ಕೆ ನೀರು ಕಟ್ಟಬಹುದಿತ್ತು. ಹಣೆಬರಹ ನೋಡಿ, ಚಾಮರಾಜನಗರದ ಬಸ್‌ಸ್ಟ್ಯಾಂಡ್ ಮಗ್ಗುಲಲ್ಲಿ ಲ್ಯಾಮಿನೇಷನ್ ಅಂಗಡಿ ಇಟ್ಟ. ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಸತ್ತ ತಾತನ ಫೋಟೊ, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸುವ ಕೆಲಸ. ಕಾದ ಮೆಷಿನ್ನು, ಕಿಟಕಿಯಿಲ್ಲದ ಮಳಿಗೆ, ಅದರೊಳಗೆ ಈ ಮಹಾಲಿಂಗ. ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಸೋಪು ಪ್ಯಾಕ್ ಮಾಡುವ ನೀಲಾವತಿ ತನ್ನ ಗುರುತಿನ ಚೀಟಿ ಕೊಟ್ಟಳು ನೋಡಿ, ಇವನ ಮೂಗಿನ ತುದಿಯಿಂದ ಒಂದು ಹನಿ ಜಾರಿ ಅವಳ ಫೋಟೊದ ಕಣ್ಣಿನ ಕೆಳಗೇ ಬಿತ್ತು. ಮೆಷಿನ್ನು ಅದನ್ನೂ ಸೇರಿಸಿ ಮುಚ್ಚಿಬಿಟ್ಟಿತು.

"ಏನ್ರೀ ಇದು, ನನ್ ಫೋಟೊ ಅಳ್ತಾ ಅದೆ!" ಅಂದಳು ನೀಲಾವತಿ.

"ಫ್ಯಾಕ್ಟ್ರೀಲಿ ಕೆಲ್ಸ ಮಾಡೋರು ನಗ್ತಾರಾ?" ಅಂತ ಕೇಳಿದ ಮಹಾಲಿಂಗ. ಹೆದರಿ ಬಾಯಿಗೆ ಬಂದದ್ದು ಅಂದುಬಿಟ್ಟಿದ್ದ. ಅವಳು ಬಿದ್ದುಬಿದ್ದು ನಕ್ಕಳು. ಹಂಗೆ ಶುರುವಾಯ್ತು. ನೀಲಾವತಿ ಗುಂಡ್ಲುಪೇಟೆಯವಳು, ಮೂವತ್ತು ದಾಟಿದವಳು. ಅಣ್ಣನ ಮನೆಯಲ್ಲಿ ಅತ್ತಿಗೆಯ ಮಾತು ಕೇಳಲಾರದೆ ಚಾಮರಾಜನಗರದಲ್ಲಿ ರೂಮು ಮಾಡಿಕೊಂಡಿದ್ದಳು. ಮಹಾಲಿಂಗನಿಗೆ ಮೂವತ್ತೆಂಟು. ಹೆಣ್ಣು ನೋಡಲು ಹೋದಲ್ಲೆಲ್ಲ ಕಾಫಿ ಲೋಟ ಕೈಯಿಂದ ಜಾರುತ್ತಿತ್ತು, ಹೆಣ್ಣಿನವರು "ಹುಡುಗನಿಗೆ ಏನೋ ಕಾಯಿಲೆ" ಅಂತ ಕಳಿಸುತ್ತಿದ್ದರು. ಈ ನೀಲಾವತಿಯೊಬ್ಬಳು ಅವನ ಒದ್ದೆ ಕೈಯನ್ನು ಹಿಡಿದುಕೊಂಡು, "ಒರ್ಸ್ಕೊಂಡ್ರೆ ಓಯ್ತದೆ ಬುಡಿ" ಅಂದವಳು. ಅವಳನ್ನು ಬಿಟ್ಟರೆ ತನಗೆ ಈ ಜನ್ಮದಲ್ಲಿ ಇನ್ನೊಬ್ಬಳಿಲ್ಲ ಅಂತ ಮಹಾಲಿಂಗನಿಗೆ ಖಾತ್ರಿಯಾಗಿ ಗೊತ್ತಿತ್ತು.

ಇಷ್ಟಕ್ಕೆ ಸುಮ್ಮನಿದ್ದರೆ ದೇವರು ದೇವರಾದಾಳೆ? ಅರಸನಹುಂಡಿಯ ಊರಮ್ಮ ಹುಣಸೆಮರದಮ್ಮ. ಆ ಅಮ್ಮ ಮಾತಾಡುವುದು ದೇವರಗುಡ್ಡನ ಬಾಯಿಂದ. ಪ್ರತಿ ಸೋಮವಾರ ಅವನ ಮೈಮೇಲೆ ಬಂದು ಕಳೆದ ದನ, ಕೂಡಿ ಬರದ ಲಗ್ನ, ಕೆಟ್ಟ ಬೋರು ಎಲ್ಲದಕ್ಕೂ ಅಪ್ಪಣೆ ಕೊಡುತ್ತಾಳೆ. ದೇವರಗುಡ್ಡ ಆದವನು ಮದುವೆ ಆಗುವ ಹಾಗಿಲ್ಲ. ಆ ಪಟ್ಟದಲ್ಲಿದ್ದವನು ಮಹಾಲಿಂಗನ ದೊಡ್ಡಪ್ಪ ಸೋಮಯ್ಯ, ಮಳೆಗಾಲದಲ್ಲಿ ತೀರಿಕೊಂಡ. ವಂಶಕ್ಕೆ ಉಳಿದ ಗಂಡು ಮಹಾಲಿಂಗ ಒಬ್ಬನೇ.

ಆರಿಸುವ ರೀತಿ ಹೇಳುತ್ತೇನೆ, ಕೇಳಿ. ಪುಷ್ಯಮಾಸದ ಬೆಳಗಿನ ಜಾವ, ಗುಡಿಯ ಮುಂದೆ ಗೆರೆ ಎಳೆದು ಅದರೊಳಗೆ ನಿಲ್ಲಿಸುತ್ತಾರೆ. ಬಾವಿಯ ತಣ್ಣೀರನ್ನು ಕೊಡಗಟ್ಟಲೆ ಸುರಿದು, ಮೈ ಒರೆಸಿ, ತಮಟೆ ಬಡಿಯುತ್ತಾರೆ. ಆ ಕೊರೆಯುವ ಚಳಿಯಲ್ಲೂ ಯಾರ ಮೈ ಬೆವರುತ್ತದೋ ಅವನ ಮೈಮೇಲೆ ಅಮ್ಮ ಬಂದಳು ಅಂತ ಲೆಕ್ಕ. ವಂಶದವನಿಗೆ ಬೆವರದಿದ್ದರೆ ಗೆರೆಯೊಳಗೆ ನಿಂತ ಯಾರಿಗೆ ಬೆವರಿದರೂ ಅಮ್ಮನಿಗೆ ಒಪ್ಪಿಗೆಯೇ. ಆದರೆ ಮಹಾಲಿಂಗನಿಗೆ ಬೆವರದಿದ್ದರೆ ಅನ್ನುವ ಮಾತನ್ನು ಊರಲ್ಲಿ ಯಾರೂ ಆಡಲಿಲ್ಲ, ಆಡಲು ಅವರಿಗೇನು ತಲೆ ಕೆಟ್ಟಿತ್ತೆ?

"ಉಟ್ದಾಗ್ಲಿಂದ ಅಮ್ಮ ನಿನ್ ಮೈಮೇಲೇ ಅವ್ಳೆ ಕಣ್ಲಾ," ಅಂತ ಅವನ ಅವ್ವ ಚಿಕ್ಕನಿಂಗಮ್ಮ ಬೀಗುತ್ತಿದ್ದಳು. ನೀಲಾವತಿಯ ವಿಷಯ ಎತ್ತಿದಾಗ, "ಆ ಪೇಟೆಯವ್ಳು ನನ್ ಒಸ್ಲು ದಾಟುದ್ರೆ ನಾನ್ ಬಾವಿ ನೋಡ್ಕತೀನಿ" ಅಂದಳು. ಬೇಡ ಅಂತ ಪಟ್ಟ ಬಿಟ್ಟುಕೊಡಲು ಮಹಾಲಿಂಗನಿಗೂ ಧೈರ್ಯವಿಲ್ಲ. ಅಮ್ಮನನ್ನು ಎದುರು ಹಾಕಿಕೊಂಡು ಬದುಕುವುದುಂಟೆ? ಅಮ್ಮ ತಾನಾಗಿ ಬೇಡ ಅನ್ನಬೇಕು. ಅಂದರೆ ಇವನು ಬೆವರಬಾರದು.

ಉಪಾಯ ಹೊಳೆದದ್ದು ನೀಲಾವತಿಗೆ. ಅವಳ ಫ್ಯಾಕ್ಟರಿಯಲ್ಲಿ ಸೋಪಿನ ಜೊತೆಗೆ ಕಂಕುಳಿಗೆ ತೀಡಿಕೊಳ್ಳುವ ಒಂದು ಕಡ್ಡಿಯನ್ನೂ ಡಬ್ಬಿಗೆ ತುಂಬುತ್ತಿದ್ದರು, ಬೆವರು ತಡೆಯುವಂಥದ್ದು. ತುದಿ ಮುರಿದ ಒಂದನ್ನು ಕೇಳಿ ತಂದಳು. ಮಹಾಲಿಂಗ ತೀಡಿಕೊಂಡ, ಕಂಕುಳು ಬಂಡೆಯ ಹಾಗೆ ಒಣಗಿತು. ಖುಷಿಯಾಗಿ ಕುಣಿದರು. ಒಂದು ಬಕೆಟ್ ನೀರು ಸುರಿದುಕೊಂಡು ನೋಡಿದರೆ ಕಡ್ಡಿಯೂ ಹೋಯಿತು, ಖುಷಿಯೂ ಹೋಯಿತು, ಬೆವರು ಬುಳಬುಳನೆ ಬಂತು. ಪೇಟೆಯ ಕಡ್ಡಿಯನ್ನು ಮಾಡಿದವರಿಗೆ ಅರಸನಹುಂಡಿಯ ಕೊಡದ ಲೆಕ್ಕ ಎಲ್ಲಿ ಗೊತ್ತು? ಕೊಡಗಟ್ಟಲೆ ನೀರಿಗೆ ಜಗ್ಗದ ಕಡ್ಡಿಯನ್ನು ತಾವೇ ಮಾಡಬೇಕಾಯಿತು. ಅದೂ ಕಂಕುಳಿಗೆ ಮಾತ್ರವಲ್ಲ, ಹಣೆ, ಬೆನ್ನು, ಎದೆ, ಒಟ್ಟು ಮಹಾಲಿಂಗನಿಗೆಲ್ಲ ಸಾಕಾಗುವಂಥದ್ದು.

ಗುಂಡ್ಲುಪೇಟೆಯಲ್ಲಿ ಅಬ್ದುಲ್ ಜಬ್ಬಾರ್ ಸಾಬರ ಅತ್ತರಿನ ಅಂಗಡಿ. ನೀಲಾವತಿಯ ಅಪ್ಪನ ಕಾಲದಿಂದ ಗುರುತು. ಅವರು ಮಹಾಲಿಂಗನನ್ನು ಮೇಲಿಂದ ಕೆಳಗೆ ನೋಡಿದರು. ಬಸ್ಸಿಳಿದು ಬಂದವನು ಬಾವಿಯಿಂದ ಎದ್ದು ಬಂದವನ ಹಾಗಿದ್ದ.

"ಅರೆ ಅಲ್ಲಾ! ನನ್ ಜಿಂದಗೀಲಿ ಇಂಥ ಗಿರಾಕಿ ನೋಡಿಲ್ಲ ಮಹಾಲಿಂಗಣ್ಣ," ಅಂದರು. ಇದನ್ನು ಅವರು ಹೊಗಳಿಕೆಯಾಗಿಯೇ ಹೇಳಿದ್ದು. ನಲವತ್ತು ವರ್ಷ ಬೆವರಿನ ವಾಸನೆಯ ಮೇಲೆ ಅತ್ತರು ಬಳಿದು ಬದುಕಿದ ಮನುಷ್ಯ, ಬೆವರನ್ನೇ ಬುಡಸಮೇತ ಕೀಳುವ ಕೆಲಸ ಅಂದದ್ದೇ ತಡ, ಅಂಗಡಿಯ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟರು.

ಕ್ಷೌರದಂಗಡಿಯಲ್ಲಿ ಗಡ್ಡ ಕೆರೆದ ಮೇಲೆ ಉಜ್ಜುತ್ತಾರಲ್ಲ, ಆ ಪಟಿಕವೇ ಮೂಲ ಸಾಮಾನು. ಅದು ರಂಧ್ರ ಬಿಗಿಯುತ್ತದೆ. ನೀರು ತಡೆಯಲು ಜೇನುಮೇಣ. ಅಲ್ಲೇ ಕಾಡಂಚಿನ ಮದ್ದೂರಿನ ಕಡೆಯವರು ಕಾಡುಜೇನು ತಂದು ಮಾರುತ್ತಿದ್ದರು, ಅವರ ಹತ್ತಿರ ತರಿಸಿದರು. ಜಾರಲು ಹರಳೆಣ್ಣೆ. ಎಲ್ಲವನ್ನೂ ಕಾಯಿಸಿ ಅಚ್ಚಿಗೆ ಹುಯ್ಯಬೇಕು. ಅಚ್ಚು ಎಲ್ಲಿಂದ ತರೋದು? ಬೀದಿಯ ಕೊನೆಯ ಕುಲ್ಫಿಯವನ ಹಳೆಯ ಅಚ್ಚುಗಳು ಸಿಕ್ಕವು. ಹಾಗಾಗಿ ಬೆವರುಕಡ್ಡಿ ಕುಲ್ಫಿಯ ಆಕಾರದಲ್ಲೇ, ಹಿಡಿದುಕೊಳ್ಳಲು ಒಂದು ಚಕ್ಕೆಯ ಸಮೇತ ಹುಟ್ಟಿತು. ಒಣಗಲು ಇಟ್ಟದ್ದನ್ನು ಜಬ್ಬಾರ್ ಸಾಬರ ಹೆಂಡತಿ ಅಕ್ತರ್ ಬೀ ಕುಲ್ಫಿ ಅಂತಲೇ ಕಚ್ಚಿ ನೋಡಿದರು. ಪಟಿಕದ ಒಗರಿಗೆ ನಾಲಿಗೆ ಬಿಗಿದು ಸಂಜೆಯವರೆಗೆ ಮಾತಾಡಲಾಗಲಿಲ್ಲ. ಜಬ್ಬಾರ್ ಸಾಬರು, "ಮಾಲು ಕೆಲ್ಸ ಮಾಡ್ತದೆ!" ಅಂತ ಕೈ ತಟ್ಟಿದರು.

ಮೊದಲ ಕಡ್ಡಿ ಮರಳುಕಾಗದದ ಹಾಗೆ ಮೈ ಕೆರೆಯಿತು. ಮೇಣ ಹೆಚ್ಚು ಮಾಡಿದರೆ ಮಹಾಲಿಂಗನ ತೋಳು ಪಕ್ಕೆಗೆ ಅಂಟಿಕೊಂಡು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಹೋದಾಗ ಪರ್ ಅಂತ ಸದ್ದಾಯಿತು, ಹಿಂದೆ ನಿಂತಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಬೈದಳು. ಇನ್ನೊಂದು ಸಲ ಅಂಗಡಿಗೇ ಜೇನ್ನೊಣ ನುಗ್ಗಿ, ಇವನ ಕಂಕುಳಲ್ಲಿ ತಮ್ಮ ಗೂಡಿದೆ ಅಂತ ಹಟ ಹಿಡಿದವು. ಹಾಳಾದ್ದು, ಎದೆಗುಂದಬೇಕಿತ್ತು. ಎದೆಗುಂದಲಿಲ್ಲ. ನೀಲಾವತಿ ಪ್ರತಿ ಭಾನುವಾರ ಬಂದು, ಮೊಬೈಲಿನಲ್ಲಿ ತಮಟೆಯ ಸದ್ದು ಹಾಕಿ, ಚೊಂಬುಚೊಂಬು ನೀರು ಸುರಿದು, ಟಾರ್ಚು ಹಿಡಿದು ಅವನ ಮೈಯನ್ನು ನೋಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ಅತ್ತರು ಕೊಳ್ಳಲು ಬಂದವರಿಗೆ ಒಳಗಿಂದ ತಮಟೆ, ನೀರು ಸುರಿವ ಸದ್ದು, "ಬಂತಾ?" "ಬರ್ಲಿಲ್ಲ!" "ಬೆನ್ನಲ್ಲಿ ಬಂತು!" ಅನ್ನುವ ಕೂಗು ಕೇಳಿ ಕೈಯಲ್ಲಿದ್ದ ಸೀಸೆ ಅಲ್ಲೇ ಇಟ್ಟು ಓಡುತ್ತಿದ್ದರು.

ಕಡೆಗೂ ಒಂದು ಹದ ಸಿಕ್ಕಿತು. ಎಷ್ಟು ನೀರು ಸುರಿದರೂ ಕೆಸುವಿನ ಎಲೆಯ ಮೇಲೆ ಬಿದ್ದಂತೆ ಜಾರಿಹೋಗುತ್ತಿತ್ತು, ಒಂದು ಹನಿ ಬೆವರಿಲ್ಲ. ಒಂದೇ ತೊಂದರೆ, ಪಟಿಕ ಚರ್ಮವನ್ನು ಉರಿಸುತ್ತಿತ್ತು. ಜಬ್ಬಾರ್ ಸಾಬರು ತಲೆ ಕೆರೆದುಕೊಂಡು, ಎಲೆಯಡಿಕೆ ಡಬ್ಬಿ ತೆಗೆದು, ಸುಣ್ಣವನ್ನು ಧಾರಾಳವಾಗಿ ಕಲಸಿದರು. ಉರಿ ನಿಂತಿತು, ಕಡ್ಡಿಯೂ ಗಟ್ಟಿಯಾಯಿತು. ಮಹಾಲಿಂಗ ಹುಟ್ಟಿದ ಮೇಲೆ ಮೊದಲ ಸಲ ಒಣಗಿದ ಅಂಗಿಯಲ್ಲಿ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತು, ಒಣ ಅಂಗೈಯನ್ನು ನೋಡಿಕೊಂಡು ಚಾಮರಾಜನಗರದವರೆಗೂ ಸುಮ್ಮನೆ ಅತ್ತ.

ಗೆರೆಯೊಳಗೆ ಮೈ ಒರೆಸುವವಳು ಮನೆಯವಳಾಗಿರಬಾರದು, ಮೋಸ ಆಗಬಾರದು ಅಂತ ಹೊರಗಿನವಳೇ ಆಗಬೇಕು. ಇದು ಊರ ಕಟ್ಟಳೆ. ಯಜಮಾನ ಮಾದಯ್ಯನ ಹತ್ತಿರ ನೀಲಾವತಿ ತಾನೇ ಹೋಗಿ, "ನಾನ್ ಒರಸ್ತೀನಿ ಯಜಮಾನ್ರೆ, ಅಮ್ಮಂಗೆ ಹರಕೆ ಅದೆ" ಅಂದಳು. ಮಾದಯ್ಯ ಒಪ್ಪಿದ. ಚಿಕ್ಕನಿಂಗಮ್ಮ ಹಲ್ಲು ಕಡಿದಳು, ಆದರೆ ಮಗನಿಗೆ ಪಟ್ಟವಾದ ಮೇಲೆ ಇವಳ ಆಟ ಹೇಗೂ ಮುಗಿಯುತ್ತದೆ ಅಂತ ಬಾಯಿ ಮುಚ್ಚಿಕೊಂಡಳು. ಹಿಂದಿನ ದಿನ ಮಹಾಲಿಂಗ ಗುಡಿಗೆ ಹೋಗಿ ಕೈಮುಗಿದು, "ತಾಯಿ, ನೀನು ನನ್ ಮೈಮೇಲೆ ಬರ್ದೆ ಇರೋ ಹಂಗೆ ನೀನೇ ಕಾಪಾಡ್ಬೇಕು" ಅಂತ ಬೇಡಿಕೊಂಡ. ಅಮ್ಮನಿಗೆ ಏನರ್ಥವಾಯಿತೋ, ಅವಳೇ ಬಲ್ಲಳು.

ಬೆಳಗಿನ ಜಾವ ಊರೆಲ್ಲ ಸೇರಿತ್ತು. ಮಂಜು. ಬಾಯಿ ತೆರೆದರೆ ಹೊಗೆ. ಮಹಾಲಿಂಗ ಪಂಚೆ ಉಟ್ಟು ಬರಿಮೈಯಲ್ಲಿ ನಿಂತ, ಅಡಿಯಿಂದ ಮುಡಿಯವರೆಗೆ ಬೆವರುಕಡ್ಡಿ ತೀಡಿಕೊಂಡಿದ್ದ. ಪಕ್ಕದಲ್ಲಿ ನೀಲಾವತಿ ಬಿಳಿ ಟವೆಲ್ ಹಿಡಿದು ನಿಂತಳು. ಮಾದಯ್ಯ ಕೊಡವನ್ನು ಎತ್ತುವ ಮುಂಚೆ ಅದರೊಳಗೆ ಒಂದು ಹಿಡಿ ಅರಿಸಿನ ಹಾಕಿ ಕಲಕಿದ.

ಅಯ್ಯೋ ಅರಿಸಿನ! ಅರಿಸಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆ ಅಂತ ಆರತಿ ಮಾಡುವ ಮನೆಯ ಮಗುವಿಗೂ ಗೊತ್ತು. ಗುಂಡ್ಲುಪೇಟೆಯಲ್ಲಿ ಚೊಂಬುಗಟ್ಟಲೆ ನೀರು ಸುರಿದರಲ್ಲ, ಅದರಲ್ಲಿ ಒಂದು ಚಿಟಿಕೆ ಅರಿಸಿನ ಹಾಕಿ ನೋಡಬೇಕು ಅಂತ ಈ ಮೂರು ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಮ್ಮನ ನೀರು ಅಂದರೆ ಅರಿಸಿನದ ನೀರೇ ಅಂತ ಮಹಾಲಿಂಗನಿಗೆ ಚಿಕ್ಕಂದಿನಿಂದ ಗೊತ್ತು. ಗೊತ್ತಿದ್ದದ್ದಕ್ಕೇ ಹೇಳಲು ಮರೆತಿದ್ದ.

ಮೊದಲ ಕೊಡ ಬಿತ್ತು. ಮಹಾಲಿಂಗನ ಕಂಕುಳಿನಿಂದ ಕೆಂಪು ಗೆರೆಯೊಂದು ಇಳಿಯತೊಡಗಿದ್ದನ್ನು ನೀಲಾವತಿ ಕಂಡಳು. ಇವನ ಮೈಯಲ್ಲಿ ಕುಂಕುಮ ಇಳಿಯುವುದನ್ನು ಜನ ನೋಡಿದರೆ ಮುಗಿಯಿತು, ಬೆವರೂ ಬೇಡ, ಅಲ್ಲೇ ಪಟ್ಟ ಕಟ್ಟುತ್ತಾರೆ. ಟವೆಲ್ಲನ್ನು ಕಂಕುಳಿಗೆ ತುರುಕಿ ಗಸಗಸ ಒರೆಸಿದಳು. ಎರಡನೆಯ ಕೊಡ. ಬೆನ್ನೆಲ್ಲ ಕೆಂಪು. ಓಡಿ ಬೆನ್ನು ಒರೆಸಿದಳು. ಎದೆ ಕೆಂಪು. ಸುತ್ತಿ ಬಂದು ಎದೆ ಒರೆಸಿದಳು. ತಮಟೆ ಜೋರಾಯಿತು, ಕೊಡದ ಮೇಲೆ ಕೊಡ ಬಿತ್ತು, ನೀಲಾವತಿ ಅವನ ಸುತ್ತ ಗಿರಗಿರನೆ ತಿರುಗುತ್ತ ಒರೆಸಿದಳು. ಎಲ್ಲ ಮುಗಿದಾಗ ಮಹಾಲಿಂಗ ಸುಟ್ಟ ಇಟ್ಟಿಗೆಯ ಹಾಗೆ ಒಣಗಿ ನಿಂತಿದ್ದ. ಒಂದು ಹನಿ ಬೆವರಿಲ್ಲ. ಊರು ಬಾಯಿ ಬಿಟ್ಟುಕೊಂಡಿತು. ಚಿಕ್ಕನಿಂಗಮ್ಮ ಎದೆ ಬಡಿದುಕೊಂಡಳು. ಗೆದ್ದೆ ಅಂತ ಮಹಾಲಿಂಗ ನೀಲಾವತಿಯ ಕಡೆ ತಿರುಗಿದ.

ಹೆದರಿಕೆಗೆ ಅವಳ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕೈಯಲ್ಲಿ ಟವೆಲ್ಲು ಕುಂಕುಮದ ಬಣ್ಣಕ್ಕೆ ತಿರುಗಿತ್ತು.

ಮಾದಯ್ಯ ಹತ್ತಿರ ಬಂದು ಅವಳ ಹಣೆಯನ್ನು ಬೆರಳಿಂದ ಮುಟ್ಟಿ ನೋಡಿದ. ಟವೆಲ್ಲು ನೋಡಿದ. ದಡಾರನೆ ಕಾಲಿಗೆ ಬಿದ್ದ.

"ಅಮ್ಮಾ! ಈ ಪೇಟೆ ಮಗೀನ್ ಮೈಮೇಲೆ ಬಂದ್ಯಾ ತಾಯಿ!"

"ಸುಣ್ಣ... ಅದು ಸುಣ್ಣ ಕಣ್ರಪ್ಪಾ, ಸುಣ್ಣ!" ಅಂತ ನೀಲಾವತಿ ಕೂಗಿದಳು.

"ಅಮ್ಮ ಸುಣ್ಣ ಕೇಳ್ತಾ ಅವ್ಳೆ! ಗುಡಿಗೆ ಸುಣ್ಣ ಒಡ್ಸಿ ಎಷ್ಟ್ ವರ್ಷ ಆಯ್ತ್ರೋ ಪಾಪಿಗಳ!" ಅಂತ ಮಾದಯ್ಯ ಊರಿನವರ ಮೇಲೆ ಹರಿಹಾಯ್ದ. ಅದೇ ವಾರ ಗುಡಿಗೆ ಸುಣ್ಣ ಬಳಿದರು. ಹೆಂಗಸು ದೇವರಗುಡ್ಡ ಆಗಬಹುದಾ, ಬೇರೆ ಊರಿನವಳು ಆಗಬಹುದಾ ಅಂತ ಒಬ್ಬಿಬ್ಬರು ಗೊಣಗಿದರು. ಮಾದಯ್ಯ, "ಅಮ್ಮನೂ ಎಂಗ್ಸೇ ಅಲ್ವೇನ್ರಲಾ? ಅವ್ಳೂ ಗುಂಡ್ಲುಪೇಟೆ ಕಡೆಯಿಂದ ಹುಣಸೆಹಣ್ಣಿನ ಗಾಡೀಲಿ ಬಂದೋಳೇ ಅಲ್ವಾ?" ಅಂತ ಬಾಯಿ ಮುಚ್ಚಿಸಿ, ಪಟ್ಟವನ್ನು ನೀಲಾವತಿಗೇ ಕಟ್ಟಿ ಊರಲ್ಲೇ ಇರಿಸಿಕೊಂಡ.

ಮಹಾಲಿಂಗ ಸುಮ್ಮನೆ ಕೂರಲಿಲ್ಲ ಪಾಪ. ಬೆವರುಕಡ್ಡಿಯನ್ನು ಯಜಮಾನನ ಮುಂದೆ ಹಿಡಿದು, ಇದು ಹೀಗೆ, ಅದು ಹಾಗೆ ಅಂತ ಎಲ್ಲ ಹೇಳಿದ. ಮಾದಯ್ಯ ಅದನ್ನು ಮೂಸಿ ನೋಡಿ, "ಪಟ್ಟ ಕೈ ತಪ್ತು ಅಂತ ಒಟ್ಟೆಕಿಚ್ಚು ಕಣ್ಲಾ ನಿಂಗೆ. ಕುಲ್ಫಿ ತಂದು ಅಮ್ಮನ್ ಮೇಲೆ ಚಾಡಿ ಏಳ್ತೀಯಾ?" ಅಂದ.

ಬಾವಿಯ ಹತ್ತಿರ ಒಂದು ಸಲ ನೀಲಾವತಿ ಒಬ್ಬಳೇ ಸಿಕ್ಕಳು.

"ನಡಿ ನೀಲಾ, ಈಗ್ಲೇ ಬಸ್ ಹತ್ತನ," ಅಂದ ಮಹಾಲಿಂಗ.

"ಶಿವರಾತ್ರಿ ಕಳೀಲಿ ಇರಿ. ಈಗ ಎದ್ದೋದ್ರೆ ಕಲ್ಲಲ್ಲಿ ಹೊಡೀತಾರೆ," ಅಂದಳು. ನಂಬಿದ. ಅವಳೂ ನಿಜವಾಗಿಯೇ ಅಂದದ್ದು.

ಆದರೆ ಜನ ಬರಲು ಶುರುಮಾಡಿದರು. ಸಂತೆಮರಹಳ್ಳಿಯಿಂದ ಆಟೊ ಮಾಡಿಕೊಂಡು ಬಂದರು. ನೀಲಾವತಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಗಂಡ ಕುಡಿಯುತ್ತಾನೆ ಅಂದವಳಿಗೆ "ಸಂಬಳ ಬಂದ ದಿನ ನೀನೇ ಇಸ್ಕೊ" ಅಂತ ತೋಚಿದ್ದನ್ನು ಹೇಳುತ್ತಿದ್ದಳು, ಅದು ಫಲಿಸುತ್ತಿತ್ತು. ಒಂದು ಸೋಮವಾರ ಅವಳ ಅತ್ತಿಗೆ ಬಂದು ಕಾಲಿಗೆ ಬಿದ್ದಳು. ಇನ್ನೊಂದು ಸೋಮವಾರ ಫ್ಯಾಕ್ಟರಿಯ ಸೂಪರ್‌ವೈಸರ್ ಬಂದ. ಕಕ್ಕಸಿಗೆ ಹೋದರೆ ಕೈಗಡಿಯಾರ ನೋಡುತ್ತಿದ್ದ ಮನುಷ್ಯ, ಈಗ ಚಪ್ಪಲಿ ಬಿಟ್ಟು ಕೈಮುಗಿದು ನಿಂತು, "ತಾಯಿ, ಮಗಳಿಗೆ ಮಾತು ಬರ್ತಿಲ್ಲ" ಅಂತ ಅತ್ತ. ನೀಲಾವತಿಗೂ ಅಳು ಬಂತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಸವರಿದಳು. ಜೀವಮಾನದಲ್ಲಿ ಯಾರೂ ಅವಳನ್ನು ಏನೂ ಕೇಳಿರಲಿಲ್ಲ, ಬರೇ ಹೇಳಿದ್ದರು. ಶಿವರಾತ್ರಿ ಬಂತು, ಹೋಯಿತು. ತಮಟೆ ಬಡಿದರೆ ಸಾಕು, ಅವಳ ಹಣೆಯಲ್ಲಿ ಈಗ ತಾನಾಗಿ ಬೆವರು ಮೂಡುತ್ತಿತ್ತು. ಅದು ಹೆದರಿಕೆಯೋ, ಅಭ್ಯಾಸವೋ, ಅಮ್ಮನೋ, ನನ್ನನ್ನು ಕೇಳಬೇಡಿ.

ಮಹಾಲಿಂಗ ಯುಗಾದಿಯವರೆಗೆ ಕಾದ. ಊರಿನವರು ಅವಳನ್ನು ಒಂಟಿಯಾಗಿ ಬಿಡುವುದೇ ನಿಂತುಹೋಗಿತ್ತು, ಅವಳ ಹತ್ತಿರ ಮಾತಾಡಬೇಕಾದರೆ ಎಲ್ಲರಂತೆ ಸೋಮವಾರದ ಸಾಲಿನಲ್ಲಿ ನಿಲ್ಲಬೇಕು. ನಿಂತ. ತೆಂಗಿನಕಾಯಿ, ವೀಳ್ಯದೆಲೆ ಹಿಡಿದು, ಹಸು ಕಳೆದುಕೊಂಡವನ ಹಿಂದೆ ನಿಂತ. ಮೈಯೆಲ್ಲ ಬೆವರುಕಡ್ಡಿ ತೀಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆ ಗಂಡಿನ ಹಾಗೆ ಬಂದಿದ್ದ. ಚಿಕ್ಕನಿಂಗಮ್ಮನೂ ಜೊತೆಗೆ ಬಂದಿದ್ದಳು. ಪೇಟೆಯವಳನ್ನು ಹೊಸಲು ದಾಟಲು ಬಿಡದಿದ್ದ ಮುದುಕಿ ಈಗ ಪ್ರತಿ ಸೋಮವಾರ ಅವಳ ಪಾದ ತೊಳೆಯುತ್ತಿದ್ದಳು.

ಒಂದು ಮಾತು ನೀವು ತಿಳಿದಿರಬೇಕು. ಅಮ್ಮ ಎದುರಿಗೆ ಬಂದವರನ್ನೆಲ್ಲ ಮಗನೆ, ಮಗಳೆ ಅಂತಲೇ ಕರೆಯುವುದು, ಬೊಚ್ಚುಬಾಯಿಯ ಮುದುಕನನ್ನೂ. ಒಂದು ಸಲ ಹಾಗೆ ಕರೆದಳು ಅಂದರೆ ಅದು ಕರುಳಿನ ಸಂಬಂಧ, ಅದನ್ನು ದಾಟುವ ಹಾಗಿಲ್ಲ. ಅದಕ್ಕೇ ಮಹಾಲಿಂಗ ಅಷ್ಟು ದಿನ ಆ ಸಾಲಿಗೆ ಬಂದಿರಲಿಲ್ಲ. ಇವತ್ತು ಬಂದದ್ದು ಒಂದೇ ಆಸೆಯಿಂದ. ಅವಳು ತನ್ನನ್ನು ನೋಡುತ್ತಾಳೆ, ಆ ಒಂದು ಮಾತು ಅವಳ ಬಾಯಿಗೆ ಬರುವುದಿಲ್ಲ, ಎದ್ದು ಬರುತ್ತಾಳೆ. ಕಲ್ಲು ಬಿದ್ದರೆ ಬೀಳಲಿ, ಇಬ್ಬರ ಮೇಲೂ ಬೀಳಲಿ.

ಅವನ ಸರದಿ ಬಂತು. ಅವಳ ಮುಂದೆ ಮಂಡಿಯೂರಿದ.

"ತಾಯಿ ಅನ್ಲಾ," ಅಂತ ಅವ್ವ ಹಿಂದಿನಿಂದ ತಿವಿದಳು. ಅವನು ಅನ್ನಲಿಲ್ಲ.

"ನನ್ಗೆ ಲಗ್ನ ಯಾವಾಗ?" ಅಂತ ಮಾತ್ರ ಕೇಳಿದ.

ನೀಲಾವತಿ ಕಣ್ಣು ಬಿಟ್ಟು ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಸಾಲಿನಲ್ಲಿ ಯಾವುದೋ ಮಗು ಅಳತೊಡಗಿತು. ಅವಳು ಅತ್ತ ಒಮ್ಮೆ ತಿರುಗಿ, ಇತ್ತ ತಿರುಗಿ, ಮಡಿಲಿನಿಂದ ಒಂದು ಚೆಂಡುಹೂ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಆಯ್ತದೆ," ಅಂದಳು. "ಒಳ್ಳೆ ಹೆಣ್ಣು ಸಿಕ್ತಾಳೆ, ಓಗು ಮಗನೆ."

"ಕೇಳುಸ್ತಾ?" ಅಂತ ಚಿಕ್ಕನಿಂಗಮ್ಮ ಸಂತೋಷ ತಡೆಯಲಾರದೆ ಕಣ್ಣೊರೆಸಿಕೊಂಡಳು. "ತಾಯಿ ಮಗನೆ ಅಂದ್ಳು ಕಣ್ಲಾ! ಕಾಲಿಗ್ ಬೀಳು."

ಮಹಾಲಿಂಗ ಬಿದ್ದ.